ದೂರದ ಗೆಳೆಯರೊಡನೆ ಚಿತ್ರ, ಧಾರಾವಾಹಿ, ಆಪೆರಾ

ಒಳ್ಳೆಯ ಚಿತ್ರವೊಂದನ್ನು ಕಂಡವರಿಗೆ ಅದನ್ನು ತಮ್ಮವರೂ ಕಾಣಲೆಂಬ ಆಸೆ ಮೂಡುವುದು ಸಹಜ. ಆ ಆಸೆ ಈಡೇರದೆ ಹೋದಲ್ಲಿ ಕಂಡ ಸಂತೋಷವೇ ಅರೆಯಾದಂತೆ ತೋರುವುದೂ ಉಂಟು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕಲ್ಕತ್ತೆಯಲ್ಲಿ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದುದಕ್ಕೂ, 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದುದಕ್ಕೂ, ಹೆಗ್ಗೋಡಿನ ನೀನಾಸಮ್ ಬಳಗ ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅಡಕೆ ತೋಟಗಳ ನಡುವಣ ಹಳ್ಳಿಗರ ಮುಂದೆ ಇಟಲಿ, ಜಪಾನ್, ಬಂಗಾಳಗಳ ಶ್ರೇಷ್ಠ ಚಿತ್ರಗಳನ್ನು ತಂದಿರಿಸಿದುದಕ್ಕೂ ಮೂಲಪ್ರೇರಣೆ ಈ ಆಸೆಯೇ ಆಗಿತ್ತು. ಆ ಸಭೆಗಳಿಗೆ ಒಂದು ದೊಡ್ಡ ಅನುಕೂಲವಿತ್ತು. ಚಿತ್ರ ಮುಗಿದು ದೀಪ ಹತ್ತಿದೊಡನೆ ಪಕ್ಕದಲ್ಲಿ ಕುಳಿತವರ ಮುಖ ಕಾಣುತ್ತಿತ್ತು. ಯಾರು ಕರಗಿದರು, ಯಾರು ಬೇಸತ್ತರು, ಯಾರಿಗೆ ಅರ್ಥವಾಗದೆ ಉಳಿಯಿತು ಎಂಬುದು ಮಾತಿಗೆ ಮೊದಲೇ ತಿಳಿಯುತ್ತಿತ್ತು. ಇಂದು ನಮ್ಮಲ್ಲಿ ಅನೇಕರ ರಸಿಕಗೋಷ್ಠಿ ನಡೆಯುವುದು ಅಂತರಜಾಲದಲ್ಲಿ. ಗೋಷ್ಠಿಯವರಲ್ಲಿ ಒಬ್ಬರು ಸಾಗರದಲ್ಲಿರುತ್ತಾರೆ, ಒಬ್ಬರು ಸಿಂಗಪುರದಲ್ಲಿ, ಮತ್ತೊಬ್ಬರು ಟೊರಾಂಟೋದಲ್ಲಿ; ಕೆಲವರ ಧ್ವನಿಯನ್ನೂ ನಾವು ಕೇಳಿರುವುದಿಲ್ಲ. ಮುಖ ಕಾಣದ ಈ ಸ್ನೇಹದಲ್ಲಿ ಅಭಿರುಚಿಯನ್ನು ಹಂಚಿಕೊಳ್ಳುವುದಕ್ಕೆ ಹಿಂದಿನ ಸಭೆಗಳಿಗೆ ಬೇಕಿಲ್ಲದಿದ್ದ ಕೆಲವು ಎಚ್ಚರಗಳೂ ಕೆಲವು ಉಪಾಯಗಳೂ ಬೇಕಾಗುತ್ತವೆ.

ಮೊದಲು ತಿಳಿಯಬೇಕಾದುದು, ನಮ್ಮ ತೀರ್ಪಿನಿಂದ ದೂರದ ಗೆಳೆಯರಿಗೆ ದಕ್ಕುವುದು ಬಹಳ ಕಡಮೆ ಎಂಬುದು. ಚಿತ್ರಗಳಿಗೆ ಅರ್ಧ ನಕ್ಷತ್ರದಿಂದ ಐದು ನಕ್ಷತ್ರಗಳವರೆಗೆ ಅಂಕ ಕೊಡುವ ಲೆಟರ್‌ಬಾಕ್ಸ್‌ಡ್‌ನಂತಹ ಸಾಧನಗಳು ನಾವು ನೋಡಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕೆ ಉಪಯುಕ್ತವೇ ಸರಿ. ಆದರೆ ನಾಲ್ಕೂವರೆ ನಕ್ಷತ್ರವೆಂದೊಡನೆ ಗೆಳೆಯರ ಮನಸ್ಸಿನಲ್ಲಿ ಯಾವ ದೃಶ್ಯವೂ ಮೂಡುವುದಿಲ್ಲ, ಯಾವ ಸ್ವರವೂ ಕೇಳಿಸುವುದಿಲ್ಲ. ‘ಅದ್ಭುತ’, ‘ಅಮೋಘ’, ‘ನೋಡಲೇಬೇಕು’ ಎಂಬ ಮಾತುಗಳೂ ಹಾಗೆಯೇ. ಅವು ಕೇಳಿದವರ ಮೇಲೆ ಒಂದು ಋಣವನ್ನು ಹೊರಿಸುತ್ತವೆಯೇ ಹೊರತು ದಾರಿ ತೋರಿಸುವುದಿಲ್ಲ. ನಾವು ಎಲ್ಲಿ ನೋಡಿದೆವು, ಏನನ್ನು ಕೇಳಿಸಿಕೊಂಡೆವು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ತೋರಿಸಿಕೊಟ್ಟೆವಾದರೆ ಅವರ ಕಣ್ಣೂ ಕಿವಿಯೂ ತಾವಾಗಿ ಅಲ್ಲಿಗೆ ಬರುತ್ತವೆ. ನನ್ನ ಮಟ್ಟಿಗೆ ರಸವನ್ನು ಹಂಚಿಕೊಳ್ಳುವುದೆಂದರೆ ಇದೇ.

ಆದುದರಿಂದ ಒಂದು ಸಲಕ್ಕೆ ಒಂದೇ ಕೃತಿಯನ್ನು ಸೂಚಿಸಬೇಕು. ಇಪ್ಪತ್ತು ಹೆಸರುಗಳ ಪಟ್ಟಿಯನ್ನು ಕಳುಹಿಸುವುದು, ಅತಿಥಿ ಎಲೆಯ ಮುಂದೆ ಕುಳಿತ ಕೂಡಲೇ ಎಲ್ಲ ಭಕ್ಷ್ಯಗಳನ್ನೂ ಒಟ್ಟಿಗೆ ಸುರಿದಂತೆ. ಯಾವುದರಿಂದ ತೊಡಗಬೇಕೆಂದು ತಿಳಿಯದೆ ಅವರು ಒಂದನ್ನೂ ಮುಟ್ಟದಿರಬಹುದು. ಒಂದನ್ನು ಸೂಚಿಸುವಾಗ ಅದರ ಕಾಲಾವಧಿ, ಭಾಷೆ, ಅಡಿಬರಹ ದೊರೆಯುವುದೇ ಎಂಬುದು, ಯಾವ ಮನಃಸ್ಥಿತಿಯಲ್ಲಿ ನೋಡಿದರೆ ಒಳ್ಳೆಯದು ಎಂಬುದು, ಇವನ್ನು ಹೇಳಿದರೆ ಉಪಕಾರವಾಗುತ್ತದೆ. ಜಪಾನಿನ ಓಜು ಅವರ ‘ಟೋಕಿಯೋ ಸ್ಟೋರಿ’ಯನ್ನು ತೆಗೆದುಕೊಳ್ಳೋಣ. 1953ರ ಈ ಚಿತ್ರದ ಅವಧಿ ಎರಡು ಗಂಟೆ ಹದಿನಾರು ನಿಮಿಷ. ಓನೊಮಿಚಿ ಎಂಬ ಊರಿನಿಂದ ವೃದ್ಧ ದಂಪತಿಗಳು ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಹೆತ್ತ ಮಕ್ಕಳಿಗೆ ಬಿಡುವಿಲ್ಲ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಮಾತ್ರ ಬಿಡುವು ಮಾಡಿಕೊಳ್ಳುತ್ತಾಳೆ. ‘ಲೋಕದ ಶ್ರೇಷ್ಠ ಚಿತ್ರಗಳಲ್ಲೊಂದು’ ಎಂದು ಬರೆದು ಇದನ್ನು ಕಳುಹಿಸಿದರೆ, ಅರ್ಧ ಗಂಟೆ ಕಳೆಯುವುದರೊಳಗೆ ಗೆಳೆಯರು ‘ಏನೂ ನಡೆಯುತ್ತಿಲ್ಲವಲ್ಲ’ ಎಂದು ನಿಲ್ಲಿಸಿಬಿಡುವ ಸಂಭವವುಂಟು. ಅದಕ್ಕೆ ಬದಲಾಗಿ, ‘ಕ್ಯಾಮೆರಾ ಚಾಪೆಯ ಮೇಲೆ ಕುಳಿತವರ ಕಣ್ಣಿನ ಎತ್ತರಕ್ಕೆ ಇಳಿದಿರುವುದನ್ನು ಗಮನಿಸಿ, ಮನುಷ್ಯರು ಎದ್ದುಹೋದ ಮೇಲೂ ಬರಿದಾದ ಕೋಣೆಯನ್ನು ಚಿತ್ರ ಒಂದು ಕ್ಷಣ ನೋಡುತ್ತಲೇ ಇರುವುದನ್ನು ಗಮನಿಸಿ’ ಎಂದು ಬರೆದರೆ ಅದೇ ನಿಧಾನ ಅವರಿಗೆ ಬೇರೆಯಾಗಿ ಕಾಣತೊಡಗುತ್ತದೆ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ವಿವರಿಸಿದರೆ ಅವರು ತಾವೇ ಕಾಣಬಹುದಾದುದನ್ನು ನಾವು ಮೊದಲೇ ಕಂಡು ಮುಗಿಸಿದಂತಾಗುತ್ತದೆ.

ಎಷ್ಟು ಹೇಳಬೇಕೆಂಬುದು ಕೇಳುವವರನ್ನು ಅವಲಂಬಿಸಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977)ವನ್ನು ಮಲೆನಾಡಿನ ಗೆಳೆಯರಿಗೆ ಸೂಚಿಸುವಾಗ ಪೀಠಿಕೆ ಬೇಕಿಲ್ಲ. ಅಗ್ರಹಾರ, ವೈದಿಕ ಪಾಠಶಾಲೆ, ವಿಧವೆ ಯಮುನೆಯ ಸ್ಥಿತಿ, ಇವೆಲ್ಲ ಅವರಿಗೆ ಹೇಳದೆಯೇ ತಿಳಿಯುತ್ತವೆ. ಅದನ್ನೇ ಲಿಸ್ಬನ್ನಿನಲ್ಲೋ ಸೋಲ್‌ನಲ್ಲೋ ಇರುವ ಸ್ನೇಹಿತರಿಗೆ ಕೊಡುವಾಗ, ಬದುಕಿರುವ ವ್ಯಕ್ತಿಯನ್ನೇ ಸತ್ತವಳೆಂದು ಭಾವಿಸಿ ಶ್ರಾದ್ಧ ಮಾಡಿ ಸಮುದಾಯದಿಂದ ಹೊರಹಾಕುವ ವಿಧಿಯೊಂದು ಇತ್ತೆಂಬುದನ್ನು ಹೇಳದೆ ಇದ್ದರೆ ಚಿತ್ರದ ಹೆಸರೇ ಅವರಿಗೆ ಮುಚ್ಚಿದ ಬಾಗಿಲಾಗುತ್ತದೆ. ಇಷ್ಟನ್ನು ತಿಳಿಸಿ, ‘ಎಲ್ಲವನ್ನೂ ನಾಣಿಯೆಂಬ ಹುಡುಗನ ಕಣ್ಣಿನಿಂದ ನೋಡಿ, ಅವನಿಗೆ ಎಷ್ಟು ಅರ್ಥವಾಗುತ್ತದೆ, ಎಷ್ಟು ಅರ್ಥವಾಗದೆ ಭಯವಾಗಿ ಉಳಿಯುತ್ತದೆ ಎಂಬುದರಲ್ಲಿ ಚಿತ್ರದ ಜೀವವಿದೆ’ ಎಂದು ಸೇರಿಸಿದರೆ ಉಳಿದುದನ್ನು ಚಿತ್ರವೇ ಮಾಡಿಕೊಳ್ಳುತ್ತದೆ. ಜೀರ್ಣೋದ್ಧಾರಗೊಂಡ ಇದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತೆಂಬುದನ್ನು ತಿಳಿಸುವುದೂ ಒಳ್ಳೆಯದು. ಏಕೆಂದರೆ ಮಸುಕಾದ ಹಳೆಯ ಪ್ರತಿಯೊಂದನ್ನು ನೋಡಿ, ಪ್ರತಿಯ ದೋಷವನ್ನು ಚಿತ್ರದ ದೋಷವೆಂದು ಭ್ರಮಿಸುವವರು ಅನೇಕರಿದ್ದಾರೆ. ಕನ್ನಡದ ಅನೇಕ ಹಳೆಯ ಚಿತ್ರಗಳಿಗೆ ಅಡಿಬರಹವಿಲ್ಲ. ಅಂತಹ ಚಿತ್ರಗಳಿಗೆ ದೃಶ್ಯಕ್ಕೊಂದು ಸಾಲಿನಂತೆ ಸಾರಾಂಶವನ್ನು ಬರೆದುಕೊಡುವಷ್ಟು ಶ್ರಮವನ್ನು ಕನ್ನಡಿಗರಾದ ನಾವು ವಹಿಸಿದರೆ, ಹೊರನಾಡಿನ ಗೆಳೆಯರು ಅದನ್ನು ಬಹುಕಾಲ ಮರೆಯುವುದಿಲ್ಲ.

ಕಥೆಯ ಗುಟ್ಟನ್ನು ಬಿಟ್ಟುಕೊಡಬಾರದೆಂಬ ನಿಯಮವನ್ನು ಎಲ್ಲರೂ ಬಲ್ಲರು. ಪತ್ತೇದಾರಿ ಚಿತ್ರಗಳಲ್ಲಿಯೂ ಕಂತುಕಂತಾಗಿ ಕುತೂಹಲ ಬೆಳೆಸುವ ಧಾರಾವಾಹಿಗಳಲ್ಲಿಯೂ ಆ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಆದರೆ ಆಪೆರಾದ ವಿಷಯಕ್ಕೆ ಬಂದೊಡನೆ ಇದೇ ನಿಯಮ ತಲೆಕೆಳಗಾಗುತ್ತದೆ: ಅಲ್ಲಿ ಕಥೆಯನ್ನು ಮೊದಲೇ ಹೇಳುವುದೇ ಸೌಜನ್ಯ. ವೆರ್ದಿಯ ‘ಲಾ ತ್ರಾವಿಯಾತ’ದಲ್ಲಿ ನಾಯಕಿ ವಿಯೊಲೆಟ್ಟಾ ಕ್ಷಯರೋಗದಿಂದ ಸಾಯುತ್ತಾಳೆಂಬುದನ್ನು ಗುಟ್ಟಾಗಿಡುವುದರಲ್ಲಿ ಅರ್ಥವಿಲ್ಲ, ತೆರೆ ಏಳುವುದಕ್ಕೆ ಮೊದಲು ಪಿಟೀಲುಗಳು ಉಚ್ಚಸ್ವರದಲ್ಲಿ ನುಡಿಸುವ ಪೂರ್ವರಂಗದ ಸಂಗೀತವೇ ಕೊನೆಯ ಅಂಕದಲ್ಲಿ ಅವಳ ರೋಗಶಯ್ಯೆಯ ಬಳಿ ಮತ್ತೆ ಕೇಳಿಬರುತ್ತದೆ. ಸ್ವರಕಾರನೇ ಆರಂಭದಲ್ಲಿ ಅಂತ್ಯವನ್ನು ಸೂಚಿಸಿರುವಾಗ ನಾವು ಮುಚ್ಚಿಡತಕ್ಕದ್ದು ಏನೂ ಇಲ್ಲ. ಯಕ್ಷಗಾನದ ಪ್ರೇಕ್ಷಕರಿಗೆ ಇದು ಹೊಸದಲ್ಲ. ಪ್ರಸಂಗದ ಕಥೆ ಎಲ್ಲರಿಗೂ ಬಾಯಿಪಾಠವಾಗಿದ್ದರೂ, ಅದೇ ಪದ್ಯವನ್ನು ಈ ಭಾಗವತರು ಇಂದು ಹೇಗೆ ಎತ್ತಿಕೊಳ್ಳುತ್ತಾರೆ, ಅದೇ ಕರ್ಣನನ್ನು ಈ ವೇಷಧಾರಿ ಹೇಗೆ ಮಾತನಾಡಿಸುತ್ತಾನೆ ಎಂಬುದಕ್ಕಾಗಿ ರಾತ್ರಿಯೆಲ್ಲ ಕುಳಿತ ಜನ ನಮ್ಮವರು. ಪಾತ್ರಗಳು ಹಾಡಿನಲ್ಲಿಯೇ ಜಗಳವಾಡಿ ಹಾಡಿನಲ್ಲಿಯೇ ಪ್ರಾಣಬಿಡುವುದನ್ನು ಗುಬ್ಬಿ ವೀರಣ್ಣನವರ ಕಾಲದ ಕಂಪನಿ ನಾಟಕಗಳಲ್ಲಿ ಕಂಡು ಒಪ್ಪಿಕೊಂಡ ಪರಂಪರೆಯವರಿಗೆ ಆಪೆರಾ ಅನ್ಯಲೋಕವೆಂದು ಭಾವಿಸಲು ಕಾರಣವಿಲ್ಲ.

ಹೊಸಬರಿಗೆ ನಿಜವಾಗಿ ಅಡ್ಡಿಯಾಗುವುದು ಭಾಷೆ ಮತ್ತು ದೈರ್ಘ್ಯ. ಭಾಷೆಯ ಅಡ್ಡಿ ಈಗ ಬಹುಮಟ್ಟಿಗೆ ನೀಗಿದೆ. 1983ರಲ್ಲಿ ಟೊರಾಂಟೋದ ಕೆನೇಡಿಯನ್ ಆಪೆರಾ ಕಂಪನಿ ‘ಎಲೆಕ್ಟ್ರಾ’ದ ಪ್ರಯೋಗದಲ್ಲಿ ರಂಗದ ಮೇಲ್ಗಡೆ ಅನುವಾದದ ಸಾಲುಗಳನ್ನು ಬೆಳಗಿಸಿ ತೋರಿಸಿದ ಮೇಲೆ ಆ ಪದ್ಧತಿ ಜಗತ್ತಿನ ರಂಗಮಂದಿರಗಳಿಗೆಲ್ಲ ಹಬ್ಬಿತು. ದೈರ್ಘ್ಯದ ವಿಷಯದಲ್ಲಿ ಸೂಚಿಸುವವರೇ ವಿವೇಕ ವಹಿಸಬೇಕು. ವಾಗ್ನರನ ‘ರಿಂಗ್’ ನಾಲ್ಕು ಆಪೆರಾಗಳ ಸಮುಚ್ಚಯ, ಒಟ್ಟು ಸುಮಾರು ಹದಿನೈದು ಗಂಟೆ. ಅದರ ಮೇಲೆ ಎಷ್ಟೇ ಭಕ್ತಿಯಿದ್ದರೂ ಮೊದಲ ಸಲ ಕೇಳುವವರ ಮುಂದೆ ಅದನ್ನಿಡಬಾರದು. ಚಿತ್ರಪ್ರಿಯರಾದ ಗೆಳೆಯರಿಗೆ ನಾನು ಸೂಚಿಸುವುದು ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ ‘ದಿ ಮ್ಯಾಜಿಕ್ ಫ್ಲೂಟ್’. ಚಲನಚಿತ್ರ, ದೂರದರ್ಶನ, ಆಪೆರಾ ಮೂರೂ ಸಂಗಮಿಸುವ ಕೃತಿ ಇದು. 1791ರಲ್ಲಿ ಮೊಟ್ಸಾರ್ಟ್ ತನ್ನ ಮರಣಕ್ಕೆ ಎರಡು ತಿಂಗಳ ಮುಂಚೆ ವಿಯೆನ್ನಾದಲ್ಲಿ ರಂಗಕ್ಕೆ ತಂದ ಆಪೆರಾವನ್ನು ಬರ್ಗ್‌ಮನ್ ಸ್ವೀಡನ್ನಿನ ದೂರದರ್ಶನಕ್ಕಾಗಿ ಚಿತ್ರಿಸಿದ. 1975ರ ಹೊಸವರ್ಷದ ದಿನ ಅದು ಪ್ರಸಾರವಾಯಿತು. ಆರಂಭದ ವಾದ್ಯಸಂಗೀತ ನಡೆಯುವಷ್ಟು ಹೊತ್ತೂ ಆತ ತೋರಿಸುವುದು ಕೇಳುತ್ತಿರುವವರ ಮುಖಗಳನ್ನು: ವೃದ್ಧರು, ಯುವಕರು, ನಡುನಡುವೆ ಮತ್ತೆ ಮತ್ತೆ ಒಬ್ಬ ಬಾಲಿಕೆ. ವಿರಾಮದಲ್ಲಿ ಕ್ಯಾಮೆರಾ ನೇಪಥ್ಯಕ್ಕೆ ಹೋಗುತ್ತದೆ. ವೇಷದಲ್ಲಿಯೇ ಕುಳಿತು ಪುಸ್ತಕ ಓದುವ, ಹೊಗೆ ಸೇದುವ ಗಾಯಕರನ್ನು ಕಂಡಾಗ ಯಕ್ಷಗಾನದ ಬಣ್ಣದಮನೆಯಾದ ಚೌಕಿಯನ್ನು ಬಲ್ಲ ಕರಾವಳಿಯ ಗೆಳೆಯರಿಗೆ ಆಗುವ ಆತ್ಮೀಯತೆ ವಿಶೇಷವಾದದ್ದು. ಕೇಳುವವರ ಮುಖವೇ ಕಾಣದ ನಮ್ಮ ಗೋಷ್ಠಿಗಳಿಗೆ ಆ ಮುಖಗಳ ಸಾಲು ಒಂದು ಒಳ್ಳೆಯ ಪ್ರವೇಶ.

ಎರಡನೆಯ ಹೆಜ್ಜೆಯಾಗಿ, ಇಡೀ ಆಪೆರಾವನ್ನು ಬಿಟ್ಟು ಒಂದೇ ದೃಶ್ಯವನ್ನು ಇಬ್ಬರು ಗಾಯಕಿಯರಲ್ಲಿ ಕೇಳುವ ಪದ್ಧತಿಯನ್ನು ಬಳಸಿ ನೋಡಿರಿ. ‘ತ್ರಾವಿಯಾತ’ದ ಎರಡನೆಯ ಅಂಕದಲ್ಲಿ ಪ್ರಿಯಕರನ ತಂದೆ ಬಂದು, ತನ್ನ ಮಗಳ ಮದುವೆ ಕೆಡದಿರಲೆಂದು ಮಗನನ್ನು ಬಿಟ್ಟುಕೊಡೆಂದು ವಿಯೊಲೆಟ್ಟಾಳನ್ನು ಬೇಡುತ್ತಾನೆ, ಅವಳು ಮೊದಲು ಪ್ರತಿಭಟಿಸಿ, ಆಮೇಲೆ ಕುಗ್ಗಿ, ಕೊನೆಗೆ ಒಪ್ಪುತ್ತಾಳೆ. ಮರಿಯಾ ಕಲ್ಲಾಸ್ 1955ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಹಾಡಿದ ಧ್ವನಿಮುದ್ರಣವನ್ನೂ, 2005ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಆನಾ ನೆಟ್ರೆಬ್ಕೊ ಅಭಿನಯಿಸಿದ ದೃಶ್ಯಮುದ್ರಣವನ್ನೂ ಜೊತೆಯಾಗಿ ಇಟ್ಟುಕೊಂಡು, ಅವಳು ಒಪ್ಪುವ ಆ ಒಂದು ಕ್ಷಣದಲ್ಲಿ ಕಂಠ ಎಷ್ಟು ಕ್ಷೀಣವಾಗುತ್ತದೆ ಎಂಬುದನ್ನು ಮಾತ್ರ ಆಲಿಸಿರೆಂದು ಗೆಳೆಯರಿಗೆ ಹೇಳಿ. ಒಂದರಲ್ಲಿ ಕಣ್ಣಿಗೆ ಏನೂ ಇಲ್ಲ, ಕಿವಿಗೆ ಎಲ್ಲವೂ ಇದೆ; ಇನ್ನೊಂದರಲ್ಲಿ ಬರಿದಾದ ರಂಗದ ಮೇಲೆ ದೊಡ್ಡದೊಂದು ಗಡಿಯಾರ ಆಕೆಯ ಉಳಿದ ಆಯುಸ್ಸನ್ನು ನೋಡುತ್ತ ನಿಂತಿದೆ. ಇವೆರಡನ್ನು ಕೇಳಿದ ಮೇಲೆ ನಡೆಯುವ ಚರ್ಚೆ ತಾನಾಗಿ ಬೆಳೆಯುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿರೆಂದು ಎಲ್ಲರಿಗೂ ಮುಂಚೆಯೇ ಹೇಳಿಬಿಡಿ. ವಾದ್ಯವೃಂದದ ಮಂದ್ರಸ್ವರಗಳು ಅದರಲ್ಲಿ ಮಾಯವಾಗುತ್ತವೆ. ಮೈಕಿನ ನೆರವಿಲ್ಲದೆ ಅಷ್ಟು ವಾದ್ಯಗಳ ಮೇಲೆ ಏರಿನಿಲ್ಲುವ ಮಾನವಕಂಠದ ಸಾಹಸವೇ ಈ ಕಲೆಯ ಹೃದಯವಾದುದರಿಂದ ಒಂದು ಸಾಧಾರಣ ಹೆಡ್‌ಫೋನಾದರೂ ಬೇಕು.

ನಮ್ಮ ಕಡೆಯಿಂದ ಕೊಡುವುದಕ್ಕೆ ಅವಕಾಶವಿರುವ ಆಪೆರಾ ಒಂದುಂಟು. ಅಮೆರಿಕದ ಫಿಲಿಪ್ ಗ್ಲಾಸ್ ರಚಿಸಿದ, 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲು ಪ್ರದರ್ಶಿತವಾದ ‘ಸತ್ಯಾಗ್ರಹ’ದ ವಸ್ತು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರ ಜೀವನ, ಹಾಡುವ ಮಾತುಗಳೆಲ್ಲ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳು. ಪಾಶ್ಚಾತ್ಯ ಶ್ರೋತೃಗಳು ಕೇವಲ ನಾದವಾಗಿ ಕೇಳುವುದನ್ನು ನಮ್ಮಲ್ಲಿ ಅನೇಕರು ಅರ್ಥಸಹಿತವಾಗಿ ಕೇಳಬಲ್ಲರು. ಯಾವ ಶ್ಲೋಕ, ಯಾವ ಅಧ್ಯಾಯ, ಅದು ಆ ಸನ್ನಿವೇಶಕ್ಕೆ ಏಕೆ ಹೊಂದಿತು ಎಂಬುದನ್ನು ದೂರದ ಗೆಳೆಯರಿಗೆ ತಿಳಿಸಿ, ಆ ಪುನರಾವರ್ತನೆಯ ಸಂಗೀತವನ್ನು ಹೇಗೆ ಕೇಳಬೇಕೆಂಬುದನ್ನು ಅವರಿಂದ ತಿಳಿದುಕೊಂಡರೆ, ಕೊಡುವ ಕೈಯೂ ಕೊಳ್ಳುವ ಕೈಯೂ ಸಮವಾಗುತ್ತವೆ.

ಧಾರಾವಾಹಿಗಳಲ್ಲಿ ತೊಡಕು ಬೇರೆ. ಎಲ್ಲರೂ ಒಂದೇ ವೇಗದಲ್ಲಿ ನೋಡುವುದಿಲ್ಲ. ವಾರಕ್ಕೊಂದು ಕಂತೆಂದು ಮೊದಲೇ ಗೊತ್ತುಮಾಡಿ, ಪ್ರತಿ ಸಂದೇಶದ ತಲೆಯಲ್ಲಿ ಕಂತಿನ ಸಂಖ್ಯೆಯನ್ನು ಬರೆಯುವ ಪದ್ಧತಿಯಿಟ್ಟುಕೊಂಡರೆ ಹಿಂದುಳಿದವರು ನಿಶ್ಚಿಂತರಾಗಿರಬಹುದು. ಬಿಡುವು ಕಡಮೆಯಿರುವವರಿಗೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಬಹು ಅನುಕೂಲ. ಅದರ ಬಹುಪಾಲು ಕಂತುಗಳು ಸ್ವತಂತ್ರವಾದ ಸಣ್ಣ ಕಥೆಗಳು, ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಪೋಲೆಂಡಿನ ಕೀಸ್ಲೊವ್‌ಸ್ಕಿ ಅಲ್ಲಿನ ದೂರದರ್ಶನಕ್ಕಾಗಿ ಮಾಡಿದ ‘ಡೆಕಲಾಗ್’ ಹತ್ತು ಕಂತುಗಳದು, ಒಂದೊಂದೂ ಸುಮಾರು ಒಂದು ಗಂಟೆ. ವಾರ್ಸಾದ ಒಂದೇ ವಸತಿ ಸಮುಚ್ಚಯದಲ್ಲಿ ನಡೆದರೂ ಪ್ರತಿ ಕಂತೂ ತನ್ನಲ್ಲಿಯೇ ಪೂರ್ಣ. ಆದಕಾರಣ ತಡವಾಗಿ ಬಂದು ಸೇರಿದವರೂ ಯಾವ ವಾರ ಬೇಕಾದರೂ ಗೋಷ್ಠಿಯಲ್ಲಿ ಕೂಡಬಹುದು. ಆದರೆ ಅದರ ಮೊದಲ ಕಂತನ್ನು, ಇತ್ತೀಚೆಗೆ ಮನೆಯಲ್ಲಿ ಸಾವನ್ನು ಕಂಡವರಿಗೆ ಎಚ್ಚರಿಕೆಯ ಮಾತಿಲ್ಲದೆ ಕಳುಹಿಸಲಾಗದು. ಮುಖ ಕಾಣದ ಸ್ನೇಹದಲ್ಲಿ ಗೆಳೆಯರ ಮನೆಯ ಸುಖದುಃಖ ನಮಗೆ ತಿಳಿದಿರುವುದಿಲ್ಲ. ‘ಇದರಲ್ಲಿ ಸಾವಿನ ಪ್ರಸಂಗವಿದೆ, ಈಗ ನೋಡಬಹುದೇ?’ ಎಂದು ಕೇಳಿಕೊಳ್ಳುವುದರಿಂದ ಕಥೆಗೆ ಆಗುವ ನಷ್ಟ ಅಲ್ಪ. ಬಾಲ್ಟಿಮೋರ್ ನಗರವನ್ನು ಕುರಿತ ‘ದಿ ವೈರ್’ (2002–2008) ಐದು ಭಾಗ, ಅರವತ್ತು ಕಂತುಗಳ ದೀರ್ಘಕೃತಿ. ಆರಂಭದಲ್ಲಿ ಪಾತ್ರಗಳ ಸಂದಣಿಯಿಂದ ದಿಕ್ಕುತಪ್ಪುವುದು ಸಾಮಾನ್ಯವೆಂದು ತಿಳಿಸಿ, ನಾಲ್ಕು ಕಂತುಗಳವರೆಗೆ ತಾಳ್ಮೆಯನ್ನು ಬೇಡಿಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡುವ ಹಕ್ಕು ನಮಗಿಲ್ಲ.

ಏಕಕಾಲದಲ್ಲಿ ಕೂಡಿ ನೋಡಬೇಕೆಂದರೆ ಗಡಿಯಾರದ ಲೆಕ್ಕ ಸರಿಯಾಗಿರಬೇಕು. ಬೆಂಗಳೂರಿನಲ್ಲಿ ಭಾನುವಾರ ರಾತ್ರಿ 8 ಗಂಟೆಯಾದಾಗ ಚಳಿಗಾಲದಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ 2.30, ನ್ಯೂಯಾರ್ಕಿನಲ್ಲಿ ಬೆಳಗ್ಗೆ 9.30, ಬೇಸಗೆಯಲ್ಲಿ ಎರಡೂ ಕಡೆ ಒಂದೊಂದು ಗಂಟೆ ಮುಂದೆ. ಮಾರ್ಚ್ ತಿಂಗಳಲ್ಲಿ ಅಮೆರಿಕ ತನ್ನ ಗಡಿಯಾರವನ್ನು ಎರಡನೆಯ ಭಾನುವಾರವೂ ಯೂರೋಪು ಕೊನೆಯ ಭಾನುವಾರವೂ ಬದಲಾಯಿಸುವುದರಿಂದ, ನಡುವಣ ವಾರಗಳಲ್ಲಿ ಗೋಷ್ಠಿಯ ಅರ್ಧದಷ್ಟು ಜನ ಒಂದು ಗಂಟೆ ತಪ್ಪಿ ಬರುವ ಸಂಭವವಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ಶನಿವಾರದ ರೇಡಿಯೊ ಪ್ರಸಾರ 1931ರಲ್ಲಿ ಆರಂಭವಾದದ್ದು. ಅಲ್ಲಿನ ಮಧ್ಯಾಹ್ನ 1 ಗಂಟೆ ನಮಗೆ ಚಳಿಗಾಲದಲ್ಲಿ ರಾತ್ರಿ 11.30 ಆಗುವುದರಿಂದ ಮರುದಿನ ಕೆಲಸವಿಲ್ಲದವರು ಮಾತ್ರ ಅದಕ್ಕೆ ಕೂಡಲಿ. ಎಲ್ಲರೂ ಒಂದೇ ಪ್ರತಿಯನ್ನು ನೋಡುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಮೂರೆಣಿಸಿ ಒಟ್ಟಿಗೆ ಆರಂಭಿಸಿ, ನೋಡುವಾಗ ಸಂದೇಶಗಳನ್ನು ನಿಲ್ಲಿಸಿ, ಮುಗಿದ ಮೇಲೆ ಮಾತನಾಡುವುದೇ ಒಳ್ಳೆಯದು. ದೃಶ್ಯದ ನಡುವೆ ಬಂದ ಉತ್ತಮ ಟೀಕೆಯೂ ದೃಶ್ಯಕ್ಕೆ ಸಮನಾಗದು.

ಕದ್ದ ಪ್ರತಿಗಳನ್ನು ಹಂಚಬೇಡಿರಿ; ಅಂತಹ ಹಂಚಿಕೆಯಿಂದ ನಷ್ಟ ಹೊಂದುವವರಲ್ಲಿ ನಾವು ಮೆಚ್ಚಿದ ಕಲಾವಿದರೇ ಇದ್ದಾರೆ. ಯೂರೋಪಿನ ಅನೇಕ ರಂಗಮಂದಿರಗಳ ಆಪೆರಾಗಳನ್ನು ಅಡಿಬರಹ ಸಮೇತ ಉಚಿತವಾಗಿ ತೋರಿಸುವ ಆಪೆರಾವಿಷನ್‌ನಂತಹ ನ್ಯಾಯವಾದ ಆಸರೆಗಳು ಇರುವಾಗ ಅಡ್ಡದಾರಿಯ ಅಗತ್ಯವೂ ಇಲ್ಲ. ಅಲ್ಲಿ ಪ್ರತಿ ಪ್ರಯೋಗಕ್ಕೂ ಒಂದು ಗಡುವಿರುವುದರಿಂದ, ಸೂಚಿಸುವಾಗ ಆ ದಿನಾಂಕವನ್ನೂ ಬರೆಯಿರಿ.

ಇನ್ನು ಭಿನ್ನಾಭಿಪ್ರಾಯದ ಮಾತು. ಇದನ್ನು ನಾನು ಬಹಳ ಮುಖ್ಯವೆಂದು ಬಗೆಯುತ್ತೇನೆ. ನಾವು ಪ್ರಾಣಕ್ಕೆ ಸಮವೆಂದು ಕೊಟ್ಟ ಕೃತಿಯನ್ನು ಗೆಳೆಯರೊಬ್ಬರು ‘ನನಗೆ ಹಿಡಿಸಲಿಲ್ಲ’ ಎಂದಾಗ ಮನಸ್ಸು ನೋಯುತ್ತದೆ. ಎದುರಿಗಿದ್ದರೆ ಅವರ ಮುಖದ ಸಂಕೋಚವನ್ನು ಕಂಡು ಸಮಾಧಾನ ಹೊಂದುತ್ತಿದ್ದೆವು, ಅಕ್ಷರದಲ್ಲಿ ಆ ಮಾತು ಇದ್ದುದಕ್ಕಿಂತ ಒರಟಾಗಿ ಕಾಣುತ್ತದೆ. ಆಗ ವಾದಕ್ಕೆ ಇಳಿಯದೆ, ‘ಯಾವ ಹೊತ್ತಿನಲ್ಲಿ ಮನಸ್ಸು ಬೇರೆಡೆಗೆ ಹೋಯಿತು?’ ಎಂದು ಕೇಳಿರಿ. ಅವರು ಆ ಸ್ಥಳವನ್ನು ಹೇಳಿದೊಡನೆ ಇಬ್ಬರೂ ಮತ್ತೆ ಕೃತಿಯ ಒಳಗೆ ಬಂದಿರುತ್ತೀರಿ. ಅನೇಕ ವೇಳೆ ಅವರಿಗೆ ಬೇಸರವಾದ ಸ್ಥಳವೇ ನಮಗೆ ಅತ್ಯಂತ ಪ್ರಿಯವಾದ ಸ್ಥಳವಾಗಿದ್ದು, ಏಕೆ ಎಂಬ ವಿಚಾರ ಇಬ್ಬರಿಗೂ ಲಾಭ ತರುತ್ತದೆ. ‘ತ್ರಾವಿಯಾತ’ವೇ 1853ರಲ್ಲಿ ವೆನಿಸ್ಸಿನ ಲಾ ಫೆನಿಚೆಯಲ್ಲಿ ಮೊದಲ ಸಲ ಬಂದಾಗ ಸೋತಿತು, ವೆರ್ದಿ ಅದನ್ನು ಅಲ್ಲಲ್ಲಿ ತಿದ್ದಿದ ಮೇಲೆ ಮರುವರ್ಷ ಅದೇ ಊರಿನ ಮತ್ತೊಂದು ರಂಗಮಂದಿರದಲ್ಲಿ, ಬೇರೆ ಗಾಯಕರ ಕಂಠದಲ್ಲಿ, ಗೆದ್ದಿತು. ಒಮ್ಮೆ ಒಲ್ಲದ ಕೃತಿಯನ್ನು ಒಂದು ವರ್ಷದ ತರುವಾಯ, ಬೇರೊಂದು ಪ್ರಯೋಗದಲ್ಲಿ, ಸೌಮ್ಯವಾಗಿ ಮತ್ತೆ ಮುಂದಿಡುವುದರಲ್ಲಿ ತಪ್ಪಿಲ್ಲ. ಆಗಲೂ ಒಲ್ಲೆನೆಂದರೆ ಅಲ್ಲಿಗೆ ಬಿಡಬೇಕು. ಸ್ನೇಹಕ್ಕಾಗಿ ಮೆಚ್ಚಿದಂತೆ ನಟಿಸುವುದನ್ನು ನಾವೂ ಮಾಡಬಾರದು, ಗೆಳೆಯರಿಂದಲೂ ಬಯಸಬಾರದು. ಅದು ಅಭ್ಯಾಸವಾದ ಮೇಲೆ ಯಾರ ಮೆಚ್ಚುಗೆಯನ್ನೂ ಯಾರೂ ನಂಬಲಾರರು.

ಗೆಳೆಯರು ತಿರುಗಿ ನಮಗೊಂದನ್ನು ಸೂಚಿಸಿದಾಗ, ಅದು ನಮ್ಮ ದಾರಿಯದ್ದಲ್ಲದಿದ್ದರೂ, ಉದಾಹರಣೆಗೆ ಓಜು ಅವರನ್ನು ಪ್ರೀತಿಸುವವರಿಗೆ ಕೊರಿಯಾದ ಪ್ರೇಮಕಥೆಯ ಧಾರಾವಾಹಿಯೊಂದು ಬಂದರೂ, ಆದಷ್ಟು ಬೇಗ ನೋಡಿ ಉತ್ತರ ಬರೆಯತಕ್ಕದ್ದು. ಧಾರಾವಾಹಿಯಾದರೆ ಎರಡು ಕಂತು, ಚಿತ್ರವಾದರೆ ಪೂರ್ತಿ, ಆಪೆರಾವಾದರೆ ಒಂದು ಅಂಕ: ಇಷ್ಟನ್ನು ನೋಡದೆ ಅಭಿಪ್ರಾಯ ಹೇಳಬಾರದು. ಉತ್ತರ ದೀರ್ಘವಾಗಿರಬೇಕಿಲ್ಲ, ಒಂದು ದೃಶ್ಯವನ್ನೋ ಒಬ್ಬ ನಟಿಯ ಒಂದು ನೋಟವನ್ನೋ ಹೆಸರಿಸಿದರೆ, ನಾವು ನಿಜವಾಗಿ ನೋಡಿದೆವೆಂಬುದು ಕಳುಹಿಸಿದವರಿಗೆ ತಿಳಿಯುತ್ತದೆ. ನೋಡಲು ಸಾಧ್ಯವಾಗಿಲ್ಲದಿದ್ದರೆ ಹಾಗೆಂದು ಒಂದು ಸಾಲು ಬರೆದು, ಯಾವಾಗ ನೋಡುವಿರೆಂಬುದನ್ನೂ ತಿಳಿಸಿರಿ.